ಪರದೆಯ ಹಿಂದಿನ ತಟ್ಟೆ

ಅಂದು ಬೆಳಿಗ್ಗೆಯಿಂದ ಸಿಕ್ಸ್ಟೆನ್ ಓಲುಂಡ್ ಮೂರು ಸಲ ಶೂ ಹಾಕಿ ಮೂರು ಸಲ ಬಿಚ್ಚಿದ್ದ. ರೆಕಾರ್ಡು ಕ್ಲಬ್ಬಿನವರು ಸೇರುವುದು ಮಧ್ಯಾಹ್ನ ಎರಡಕ್ಕೆ. ಹನ್ನೊಂದಕ್ಕೇ ಬಾಗಿಲ ಬಳಿ ನಿಂತು ಬೀಗದ ಕೈ ಕುಲುಕುತ್ತಿದ್ದವನನ್ನು ಕಂಡು ಹೆಂಡತಿ ಗುನ್‌ವೋರ್‌ಗೆ ರೇಗಿತು.

"ಒಂದ್ಕಡೆ ಕೂತ್ಕೊಳ್ರೀ. ಇಲ್ಲಾಂದ್ರೆ ಫೋನ್ ಮಾಡಿ ಹೇಳ್ಬಿಡಿ, ನಂಗೆ ಕಿವಿ ಕೇಳ್ಸಲ್ಲ, ಬರಲ್ಲ ಅಂತ."

"ಕೇಳ್ಸಲ್ಲ ಅಂತ ಯಾರಂದ್ರು? ಮೇಲಿನ ಸ್ವರ ಸ್ವಲ್ಪ ಕಮ್ಮಿ ಅಂದ್ರು, ಅಷ್ಟೆ."

"ಡಾಕ್ಟ್ರು ಕಿವಿ ಪರೀಕ್ಷೆ ಮಾಡಿ ತೋರ್ಸಿದ ಗೆರೆ ನಾನೂ ನೋಡಿದೀನಿ. ಅರ್ಧ ದಾರೀಲೇ ಬಾವಿಗೆ ಬಿದ್ದಂಗಿತ್ತು. ರೋಫೆಗಾದ್ರೂ ಹೇಳಿ. ನನ್ ತಮ್ಮ ಏನು ನಿಮ್ಮನ್ನ ತಿಂದ್ಹಾಕ್ತಾನಾ?"

ರೋಫೆಗೆ ಹೇಳುವುದಕ್ಕಿಂತ ಟ್ರಾಮಿನ ಕೆಳಗೆ ಮಲಗುವುದು ವಾಸಿ ಎಂದುಕೊಂಡು ಸಿಕ್ಸ್ಟೆನ್ ನಾಲ್ಕನೆಯ ಸಲ ಶೂ ಹಾಕಿಕೊಂಡು ಹೊರಟೇಬಿಟ್ಟ.

ಮುದುಕನೊಬ್ಬನ ಕಿವಿ ಕೆಟ್ಟರೆ ಅದೇನೂ ದೊಡ್ಡ ಸುದ್ದಿಯಲ್ಲ. ಅದರಲ್ಲೂ ಮೂವತ್ತನಾಲ್ಕು ವರ್ಷ ಗೋಥೆನ್‌ಬರ್ಗಿನ ಬೀದಿಗಳಲ್ಲಿ ಟ್ರಾಮ್ ಓಡಿಸಿ, ತಿರುವು ತಿರುವಿನಲ್ಲೂ ಹಳಿಯ ಕಿರುಚಾಟ ಕುಡಿದ ಕಿವಿ ಅದು. ಆದರೆ ಸಿಕ್ಸ್ಟೆನ್‌ನ ಕಿವಿ ಅವನೊಬ್ಬನ ಸ್ವತ್ತಾಗಿರಲಿಲ್ಲ. ಮಯೋರ್ನಾ ಬಡಾವಣೆಯ ಹಳೆಯ ಕಟ್ಟಡವೊಂದರ ನೆಲಮಾಳಿಗೆಯಲ್ಲಿ, ಸೈಕಲ್ಲು ನಿಲ್ಲಿಸುವ ಕೋಣೆಯ ಪಕ್ಕ, ತಿಂಗಳ ಮೊದಲ ಭಾನುವಾರ ಸೇರುವ ಏಳು ಜನ ರೆಕಾರ್ಡು ಹುಚ್ಚರಿಗೆ ಆ ಕಿವಿಯೇ ಸುಪ್ರೀಂ ಕೋರ್ಟು. ಇಪ್ಪತ್ತು ವರ್ಷಗಳಿಂದ ಅವನು ಹೇಳಿದ್ದೇ ತೀರ್ಪು. ಹೆಂಡತಿಯ ಮುಂದೆ, ಮಕ್ಕಳ ಮುಂದೆ, ಟ್ರಾಮ್ ಕಂಪನಿಯ ಮುಂದೆ ಎಂದೂ ಸಿಗದ ಮರ್ಯಾದೆ ಅವನಿಗೆ ಅಲ್ಲಿ ಸಿಗುತ್ತಿತ್ತು. ಅದೂ ಹೋದರೆ ಅವನು ಬರೀ ನಿವೃತ್ತ ಟ್ರಾಮ್ ಡ್ರೈವರು.

ಅಲ್ಲಿಯ ಆಟ ಇಷ್ಟೆ. ಒಂದೇ ಸಂಗೀತದ ಎರಡು ರೆಕಾರ್ಡು ತಟ್ಟೆಗಳನ್ನು ತರುತ್ತಾರೆ. ಒಂದು ಆ ಕಾಲದ ಮೊದಲ ಮುದ್ರಣ, ಇನ್ನೊಂದು ಈಚೆಗೆ ಯಾರೋ ತೊಳೆದು ಬಳಿದು ಹೊಸದಾಗಿ ಒತ್ತಿದ್ದು. ಪರದೆಯ ಹಿಂದೆ ಒಂದಾದ ಮೇಲೊಂದು ನುಡಿಸುತ್ತಾರೆ. ಕೇಳಿಸಿಕೊಂಡವನು ಹಳೆಯದು ಯಾವುದೆಂದು ಹೇಳಬೇಕು; ಸರಿಯಾಗಿ ಹೇಳಿದರೆ ಹಳೆಯದರ ಪಕ್ಷ ಗೆದ್ದಂತೆ. ಆಮೇಲೆ ಕ್ಲಬ್ಬಿನ ಹಿರಿಯಳು ಮಯ್ಲಿಸ್ ಬ್ಯಾಟರಿ ಹಿಡಿದು, ಹಾಡು ಮುಗಿದ ಜಾಗದಲ್ಲಿ ತಟ್ಟೆಯ ಮೇಲೆ ಕೊರೆದಿರುವ ಸಂಖ್ಯೆಯನ್ನು ಓದಿ ತೀರ್ಪು ಕೊಡುತ್ತಾಳೆ. ಸೋತ ಪಕ್ಷದವರು ಕಾಫಿ ಕಪ್ಪು ತೊಳೆಯಬೇಕು. ಹೊಸದೇ ಚೆಂದ ಎಂದು ವಾದಿಸುವವನು ರೋಫೆ ಒಬ್ಬನೇ ಆದ್ದರಿಂದ ಬಹಳ ಕಾಲದಿಂದ ಕಪ್ಪು ತೊಳೆಯುತ್ತಿದ್ದವನೂ ಅವನೇ.

"ಬಂದ್ರಾ ಭಾವ? ನಿಮ್ ದೇವರ ಕಿವಿಗೆ ಇವತ್ತು ಎಣ್ಣೆ ಬಿಟ್ಕೊಂಡ್ ಬಂದಿದೀರಾ?" ಸಿಕ್ಸ್ಟೆನ್ ಒಳಗೆ ಕಾಲಿಡುತ್ತಲೇ ರೋಫೆ ಶುರು ಮಾಡಿದ. ನಲ್ಲಿ ರಿಪೇರಿ ಮಾಡುತ್ತಿದ್ದ ಕಾಲದಿಂದಲೂ ಅವನ ದನಿ ದೊಡ್ಡದು. ಸಿಕ್ಸ್ಟೆನ್‌ಗೆ ಅದೊಂದು ಪುಣ್ಯ.

"ನಿನ್ ಬಾಯಿಗೆ ಬೀಗ ಹಾಕ್ಕೊಂಡ್ ಬಂದಿದ್ರೆ ಚೆನ್ನಾಗಿರ್ತಿತ್ತು."

"ಹಳೇದು ಅಂದ್ರೆ ಏನ್ ಹೇಳಿ ಭಾವ, ಗೀರು, ಧೂಳು, ಯಾವನೋ ಹೆರಿಂಗ್ ಮೀನು ತಿಂದ್ ಮುಟ್ಟಿದ್ ಬೆರಳು. ಅದಕ್ಕೆ ನೀವು ಕೈ ಮುಗೀತೀರಾ."

"ಅವತ್ತು ನುಡ್ಸಿದೋರು, ಅವತ್ತು ಕೇಳಿದೋರು, ಅವತ್ತೇ ಒತ್ತಿದ್ದು ಅದು. ನಿಂದು ಐವತ್ತು ವರ್ಷ ಆದ್ಮೇಲೆ ಯಾವನೋ ಹುಡುಗ ಕಂಪ್ಯೂಟ್ರಲ್ಲಿ ಕೊಟ್ಟ ಅಭಿಪ್ರಾಯ." ಸಿಕ್ಸ್ಟೆನ್ ನೂರಾರು ಸಲ ಹೇಳಿದ ಮಾತು ಇದು. ಈ ಸಲ ಹೇಳುತ್ತಲೇ ಕುರ್ಚಿಯನ್ನು ಸ್ಪೀಕರಿನ ಹತ್ತಿರಕ್ಕೆ ಎಳೆದುಕೊಂಡ.

ಅಂದಿನ ರೆಕಾರ್ಡು ಅರವತ್ತನಾಲ್ಕರಲ್ಲಿ ಮಾಲ್ಮೋ ಊರಿನ ನಾಲ್ವರು ನುಡಿಸಿದ ಜಾಸ್, ಆಗ ಮುನ್ನೂರೇ ಪ್ರತಿ ಬಂದದ್ದು. ಮರುಮುದ್ರಣ ಕಳೆದ ತಿಂಗಳಷ್ಟೇ ಅಂಗಡಿಗೆ ಬಂದಿತ್ತು. ರೋಫೆ ಎರಡನ್ನೂ ತಂದಿದ್ದ. ಪರದೆ ಎಳೆದರು. ಏಲಕ್ಕಿ ಬನ್ನು ಅಗಿಯುತ್ತಿದ್ದವರೆಲ್ಲ ಬಾಯಿ ನಿಲ್ಲಿಸಿದರು.

ಮೊದಲನೆಯದು ಶುರುವಾಯಿತು. ಪಿಯಾನೊ ಕೇಳಿಸಿತು, ತಂಬೂರಿಯಂತೆ ಗುಂಯ್‌ಗುಡುವ ದೊಡ್ಡ ಪಿಟೀಲೂ ಕೇಳಿಸಿತು. ಅದರ ಮೇಲೆ ಏನಿತ್ತೋ ಸಿಕ್ಸ್ಟೆನ್‌ಗೆ ಗೊತ್ತಾಗಲಿಲ್ಲ. ಕಣ್ಣು ಮುಚ್ಚಿದ, ತೆರೆದ, ಕುರ್ಚಿ ಹಿಂದಕ್ಕೆ ಸರಿಸಿದ, ಮತ್ತೆ ಮುಂದಕ್ಕೆ ತಂದ. ಆಗ ಹಾಡಿನ ಅಡಿಯಲ್ಲಿ ಚಿಟ್ ಚಿಟ್ ಎಂದು ಹಂಚಿನ ಮೇಲೆ ಸಾಸಿವೆ ಸಿಡಿದಂತೆ ಒಂದು ಸದ್ದು ಸಿಕ್ಕಿತು. ಎರಡನೆಯ ತಟ್ಟೆ ಹಾಕಿದಾಗ ಆ ಸದ್ದಿರಲಿಲ್ಲ. ಅವನ ಎದೆ ಹಗುರಾಯಿತು. ಹಳೆಯ ತಟ್ಟೆಯಲ್ಲದೆ ಚಿಟಿಗುಟ್ಟುವುದು ಇನ್ನೆಲ್ಲಿ?

"ಮೊದಲ್ನೇದು," ಎಂದ, ಸ್ವಲ್ಪ ಅವಸರದಲ್ಲೇ.

ರೋಫೆ ಮಯ್ಲಿಸ್ ಕಡೆ ನೋಡಿದ. ಮಯ್ಲಿಸ್ ಪರದೆಯ ಹಿಂದೆ ಹೋಗಿ, ಬ್ಯಾಟರಿ ಹಾಕಿ, ಕನ್ನಡಕ ಏರಿಸಿಕೊಂಡು ಓದಿದಳು. "ಕೈಯಲ್ಲಿ ಕೊರೆದ ಸಂಖ್ಯೆ. ಮೊದಲ್ನೇದೇ ಒರಿಜಿನಲ್."

ಎಲ್ಲರೂ ಚಪ್ಪಾಳೆ ತಟ್ಟಿದರು. "ಥೂ, ಮತ್ತೆ ನಂಗೇ ಕಪ್ಪು," ಎಂದು ರೋಫೆ ತೋಳು ಮಡಚಿದ.

ಗೆದ್ದವನಿಗೆ ಸಮಾಧಾನವಾಗಬೇಕಿತ್ತು. ಸಿಕ್ಸ್ಟೆನ್‌ಗೆ ಆಗಲಿಲ್ಲ. ತಾನು ಸಂಗೀತ ಕೇಳಿ ಹೇಳಲಿಲ್ಲ, ಕೊಳೆ ಕೇಳಿ ಹೇಳಿದೆ ಎಂಬುದು ಅವನಿಗೊಬ್ಬನಿಗೆ ಗೊತ್ತಿತ್ತು. ನಾಚಿಕೆಯಾಯಿತು. ಕೂರಲಾರದೆ ಎದ್ದು, ತಟ್ಟೆಗಳನ್ನು ಕವರಿಗೆ ಹಾಕುವ ನೆಪದಲ್ಲಿ ಪರದೆಯ ಹಿಂದೆ ಹೋದ.

"ಬಿಡು, ನಾನು ಹಾಕ್ತೀನಿ," ಎಂದು ಮಯ್ಲಿಸ್ ಅಡ್ಡ ಬಂದಳು. ಅಷ್ಟರಲ್ಲಿ ಅವನು ಮೊದಲು ನುಡಿದ ತಟ್ಟೆಯನ್ನು ಎತ್ತಿಯಾಗಿತ್ತು.

ತಟ್ಟೆ ಭಾರವಾಗಿತ್ತು. ಅರವತ್ತರ ದಶಕದ ತಟ್ಟೆ ಇಷ್ಟು ದಪ್ಪ ಇರುವುದಿಲ್ಲ. ಹೊಸಬರು ಮಾತ್ರ ಇಷ್ಟು ದಪ್ಪ ಒತ್ತಿ, ಅದನ್ನೇ ದೊಡ್ಡಸ್ತಿಕೆ ಎಂದು ಕವರಿನ ಮೇಲೆ ಅಂಟಿಸುತ್ತಾರೆ. ಸಾವಿರಾರು ತಟ್ಟೆ ಎತ್ತಿದ ಕೈಗೆ ಇದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಅವನು ಮಯ್ಲಿಸ್‌ಳ ಕೈಯಿಂದ ಬ್ಯಾಟರಿ ಕಸಿದು ನೋಡಿದ. ಸಂಖ್ಯೆ ಅಚ್ಚಿನಲ್ಲಿ ಒತ್ತಿದ್ದಾಗಿತ್ತು, ನೆಟ್ಟಗೆ, ಸಾಲಾಗಿ.

"ಇದು ಹೊಸದು," ಎಂದ.

ಮಯ್ಲಿಸ್ ಬನ್ನಿನ ಬುಟ್ಟಿಯನ್ನು ಅತ್ತಿತ್ತ ಸರಿಸಿದಳು. ಕೊನೆಗೆ ರೋಫೆಯೇ, ಎಂದೂ ಇಲ್ಲದ ಸಣ್ಣ ದನಿಯಲ್ಲಿ, ಭಾವನಿಗೆ ಕೇಳಿಸಲೆಂದು ಹತ್ತಿರ ಬಂದು ಹೇಳಿದ. "ಅದರ ಮೂಲ ಟೇಪು ಕಳೆದ್ಹೋಗಿದೆ ಭಾವ. ಯಾವ್ದೋ ಸವೆದ ಹಳೇ ತಟ್ಟೆ ನುಡ್ಸಿ, ಅದರಿಂದ್ಲೇ ಹೊಸದು ಮಾಡಿದಾರೆ. ಗೀರಿನ ಸದ್ದೂ ಅದ್ರ ಜೊತೆ ಬಂದಿದೆ. ಕವರ್ ಹಿಂದೆ ಬರ್ದಿದೆ."

ಹೊಸ ಕವರನ್ನು ಸಿಕ್ಸ್ಟೆನ್ ಬೆರಳ ತುದಿಯಲ್ಲೂ ಮುಟ್ಟುವವನಲ್ಲ. ಅಲ್ಲಿ ಏನು ಬರೆದಿದೆಯೆಂದು ಓದುವುದಂತೂ ದೂರವೇ ಉಳಿಯಿತು.

"ನಿನ್ ಹಳೇದು ಚಿಟಿಗುಟ್ಟಲಿಲ್ವಲ್ಲ?"

"ನಂದನ್ನ ಯಾರೂ ನುಡ್ಸೇ ಇರ್ಲಿಲ್ಲ. ಒಬ್ಬ ಪಾದ್ರಿ ಮನೇಲಿತ್ತು."

"ಹಂಗಾದ್ರೆ ಮಯ್ಲಿಸ್ ಯಾಕೆ ಸುಳ್ಳು ಓದಿದ್ಳು?"

ಮಯ್ಲಿಸ್ ತಲೆ ಎತ್ತಲಿಲ್ಲ. "ನೀನು ಏನ್ ಹೇಳ್ತೀಯೋ ಅದನ್ನೇ ಓದ್ತೀನಿ ಕಣಯ್ಯ," ಎಂದಳು. "ಎರಡು ವರ್ಷ ಆಯ್ತು."

ಎರಡು ವರ್ಷ. ಡಾಕ್ಟರು ಗೆರೆ ತೋರಿಸಿದ್ದು ಎರಡು ವಾರದ ಹಿಂದೆ. ತನ್ನ ಕಿವಿ ತನಗೆ ಗೊತ್ತಾಗುವ ಮೊದಲೇ ಇವರಿಗೆಲ್ಲ ಗೊತ್ತಿತ್ತು. ಎರಡು ವರ್ಷ ಇವರು ತನ್ನ ತಪ್ಪಿಗೆ ಚಪ್ಪಾಳೆ ತಟ್ಟಿದ್ದರು. ಆ ಬಾಯಿಬಡುಕ ರೋಫೆ, ಗೆದ್ದ ಆಟಗಳಲ್ಲೆಲ್ಲ ಸೋತೆನೆಂದು ಕಪ್ಪು ತೊಳೆದಿದ್ದ. ಸಿಕ್ಸ್ಟೆನ್‌ಗೆ ಮೊದಲು ಸಿಟ್ಟು ಬಂತು. ಕೋಟು ತೆಗೆದುಕೊಂಡ, ಒಂದು ತೋಳಿಗೆ ಕೈ ತೂರಿಸಿದ, ಇನ್ನೊಂದು ತೋಳು ಸಿಗದೆ ಬಾಗಿಲ ಬಳಿ ಗಿರಗಿರ ತಿರುಗಿದ. ಯಾರೂ ನಗಲಿಲ್ಲ. ಅವರು ನಗದೇ ಇದ್ದದ್ದು ಅವನನ್ನು ಇನ್ನಷ್ಟು ಸುಟ್ಟಿತು.

"ನಕ್ಕಿದ್ರೆ ಆಗ್ತಿತ್ತಲ್ಲೋ," ಎಂದ ರೋಫೆಗೆ. "ಒಂದ್ ಸಲ ನಕ್ಕಿದ್ರೆ ಸಾಕಿತ್ತು."

"ನಿಮ್ ಮುಖ ನೋಡ್ತಾ ಆಗ್ಲಿಲ್ಲ ಭಾವ."

ಸಿಕ್ಸ್ಟೆನ್ ಒಂದೇ ತೋಳಿನ ಕೋಟಿನಲ್ಲೇ ವಾಪಸು ಬಂದು ಕೂತ. ರೋಫೆಯನ್ನೇ ಕೇಳಿದ. "ಎರಡಕ್ಕೂ ಏನ್ ವ್ಯತ್ಯಾಸ ಇತ್ತು?"

"ತಾಳ," ಎಂದ ರೋಫೆ. "ಡ್ರಮ್ಮಿನವನ ಕಂಚಿನ ತಾಳ. ಹೊಸದ್ರಲ್ಲಿ ಮಂಕಾಗಿದೆ, ಕಂಬಳಿ ಹೊದ್ಸಿದಂಗೆ. ಹಳೇದ್ರಲ್ಲಿ ಪಕ್ಕದಲ್ಲೇ ನಿಂತು ಬಾರ್ಸಿದಂಗಿದೆ. ನೀವು ಹೇಳೋದೇ ಸರಿ ಭಾವ. ಹಳೇದೇ ಚೆಂದ."

"ಹಳೇದನ್ನ ಇನ್ನೊಂದ್ಸಲ ಹಾಕು. ಆ ತಾಳ ಎಲ್ಲೆಲ್ಲಿ ಬರುತ್ತೋ ಅಲ್ಲಲ್ಲಿ ಬೆರಳು ಎತ್ತು."

ಪರದೆ ಎಳೆಯಲಿಲ್ಲ. ರೋಫೆ ಮುಳ್ಳು ಇಳಿಸಿ ಎದುರಿಗೆ ಕೂತ. ಪಿಯಾನೊ ಬಂತು, ದೊಡ್ಡ ಪಿಟೀಲು ಬಂತು. ರೋಫೆಯ ತೋರುಬೆರಳು ಎದ್ದಿತು, ಇಳಿಯಿತು, ಎದ್ದಿತು. ಸಿಕ್ಸ್ಟೆನ್ ಆ ಬೆರಳನ್ನೇ ನೋಡುತ್ತಿದ್ದ. ತಾಳ ಎಲ್ಲೋ ಒಂದೆರಡು ಕಡೆ ಬರುತ್ತದೆ ಎಂದುಕೊಂಡಿದ್ದ. ಬೆರಳು ನಿಲ್ಲುತ್ತಲೇ ಇರಲಿಲ್ಲ. ಅವನಿಗೆ ಬರೀ ಮೌನವಾಗಿದ್ದ ಕಡೆ ಅದು ಇನ್ನೂ ಜೋರಾಗಿ ಓಡುತ್ತಿತ್ತು.

"ಇಷ್ಟೊಂದಾ?" ಎಂದ ಸಿಕ್ಸ್ಟೆನ್.

ರೋಫೆ ಹೌದೆಂದು ತಲೆಯಾಡಿಸಿದ. ಬೆರಳು ಮಾತ್ರ ನಿಲ್ಲಿಸಲಿಲ್ಲ.