ದರ್ಜಿಯ ಕಿವಿ

ಕಿವಿ ಅಲ್ಲಾಡಿತು, ಹೌದು, ಖಂಡಿತ ಅಲ್ಲಾಡಿತು, ನಾನೇ ನೋಡಿದೆ — ಎತ್ತರದ ಸ್ಟೂಲಿನ ಮೇಲೆ ನಮ್ಮ ಚಿತ್ರಕಲೆ ತರಗತಿಗೆ ಮಾದರಿಯಾಗಿ ಕುಳಿತಿರುವ ಈ ವಯಸ್ಸಾದ ದರ್ಜಿಗೆ ಅಲ್ಲಾಡಬೇಡಿ ಎಂದು ಹೇಳಿಯಾಗಿದೆ, ಆದರೂ ಕಿವಿ ಯಾರ ಮಾತು ಕೇಳುತ್ತದೆ, ಅಬ್ಬಾ ಎಷ್ಟು ದೊಡ್ಡ ಕಿವಿ, ಬೆಳಗಿನ ಹತ್ತೂವರೆಗೆ ಒಬ್ಬರ ಕಿವಿಯನ್ನು ಕಣ್ಣು ಕೀಳದೆ ನೋಡುವುದೇ ನನ್ನ ಕೆಲಸ, ಇದಕ್ಕಿಂತ ಭಾಗ್ಯ ಬೇಕೆ, ಹೋದ ಶುಕ್ರವಾರದವರೆಗೆ ಈ ಹೊತ್ತಿಗೆ ನೀರು ಸರಬರಾಜು ಕಚೇರಿಯ ಮೂರನೇ ಮಹಡಿಯಲ್ಲಿ ಬೆನ್ನು ಬಗ್ಗಿಸಿ ಕೊಳವೆಗಳ ನಕ್ಷೆ ಬರೆಯುತ್ತಿದ್ದೆ, ಇಪ್ಪತ್ತೇಳು ವರ್ಷ, ಬರೀ ಕೊಳವೆ, ನೇರ ಗೆರೆ, ಬಾಣದ ಗುರುತು, ಅಳತೆ — ಇನ್ನೂ ಒಂಬತ್ತು ವರ್ಷ ಸರ್ವೀಸ್ ಇದೆ, ತಲೆ ಕೆಟ್ಟಿದೆಯೇನೇ ನಿಂಗೆ, ಎಂದ ಅಣ್ಣ, ಐವತ್ತೊಂದಕ್ಕೇ ಮನೇಲಿ ಕೂತು ಏನು ಕಡಿದು ಕಟ್ಟೆ ಹಾಕ್ತೀಯ, ಮನೇಲಿ ಕೂರೋಳು ಯಾರಣ್ಣಾ, ನಾನು ಮುಖ ಬರೀಬೇಕು, ಮನುಷ್ಯರ ಮುಖ, ಎಂದೆ, ಗಂಡ ಮಾತ್ರ ಪೇಪರಿನಿಂದ ತಲೆ ಎತ್ತದೆ, ಬರೆಯೋಕೆ ಬರದಿದ್ರೆ ಏನು ಮಾಡ್ತೀಯ, ಎಂದರು, ಅದೊಂದು ಮಾತು ಹೊಟ್ಟೆಯೊಳಗೆ ಹಾಗೇ ಕುಳಿತಿದೆ, ಕೈಗೆ ಕೊಳವೆ ಬಿಟ್ಟು ಬೇರೇನೂ ಬರದಿದ್ದರೆ, ಬಿಟ್ಟ ಕೆಲಸವಂತೂ ಮತ್ತೆ ಸಿಗುವುದಿಲ್ಲ.

ಇರಲಿ, ಪೆನ್ಸಿಲ್ ಓಡುತ್ತಿದೆ, ಮೂಗು ಬಂತು, ಗದ್ದ ಬಂತು, ಹಿಂದೆ ಯಾರೋ ಕಿಸಕ್ಕೆಂದರು, ನನ್ನ ಮಗಳಿಗಿಂತ ಚಿಕ್ಕವಳಾದ ಟೀಚರ್ ಹೆಗಲ ಮೇಲಿಂದ ಬಗ್ಗಿ, ಆಂಟೀ ಇದೇನಿದು, ಎನ್ನುತ್ತಾಳೆ, ನೋಡುತ್ತೇನೆ — ಅಯ್ಯೋ ನನ್ನ ಕರ್ಮವೇ, ಮೂಗಿನ ಪಕ್ಕದಲ್ಲಿ ಮೇಲೊಂದು ಕೆಳಗೊಂದು ಬಾಣ, ನಡುವೆ 58 ಮಿ.ಮೀ., ಗದ್ದದ ಕೆಳಗೆ ಅಚ್ಚುಕಟ್ಟಾಗಿ ಮುಂಭಾಗದ ನೋಟ ಎಂಬ ಬರಹ, ಮೂಲೆಯಲ್ಲಿ ಇಂಜಿನಿಯರ್ ಸಹಿಗೆ ಜಾಗವನ್ನೂ ಬಿಟ್ಟಿದ್ದೇನೆ, ಯಾವಾಗ ಬರೆದೆನೋ, ಕೈ ತನ್ನ ಪಾಡಿಗೆ ತಾನು ಬರೆದುಬಿಟ್ಟಿದೆ, ಹಾಗಾದರೆ ಗಂಡನ ಮಾತೇ ನಿಜವೇ, ಮುಖ ಬಿಸಿಯಾಗುತ್ತದೆ, ಮೂಗಿಗೂ ಅಳತೆ ಹಾಕಿದ್ದಾರೆ, ಎಂದು ಹಿಂದಿನವರು ನಗುತ್ತಾರೆ, ದರ್ಜಿ ಕತ್ತು ತಿರುಗಿಸದೆಯೇ, ಎಷ್ಟು ಬಂತಮ್ಮಾ ನನ್ನ ಮೂಗು, ಸಂಕೋಚ ಬೇಡ, ನಾನೂ ನಲವತ್ತು ವರ್ಷ ಜನರ ಮುಖ ನೋಡದೆ ಅಳತೆ ಹಿಡಿದವನೇ, ಎಂದರು, ತಡೆಯಲಾಗಲಿಲ್ಲ, ಇಡೀ ಕೋಣೆಗೆ ಕೇಳುವಂತೆ ನಕ್ಕುಬಿಟ್ಟೆ, ಹಾಳೆ ಮಗುಚಿದೆ, ಈಗ ಕಿವಿ ಮಾತ್ರ, ಮೂಗು ಗದ್ದ ಹಾಳಾಗಿ ಹೋಗಲಿ, ಕಿವಿ, ಮೇಲಿನಿಂದ ಸುತ್ತಿ ಒಳಗೆ ನುಗ್ಗಿ ಮತ್ತೆ ಹೊರಗೆ, ಹುಡುಕಿದರೂ ಒಂದು ಕಡೆ ನೇರವಿಲ್ಲ, ಕೈ ಹೋಗುತ್ತಿದೆ, ಅಮ್ಮಾ, ಹೋಗುತ್ತಿದೆ, ಬೆರಳು ಬಾಣ ಹಾಕಲು ತುಡಿಯುತ್ತದೆ, ತೆಪ್ಪಗಿರು ಎಂದು ಗದರಿದೆ, ದರ್ಜಿ ಇನ್ನೂ ನಗು ಅದುಮಿಕೊಂಡಿದ್ದಾರೆ, ಕಿವಿಯ ಅಂಚು ಕೆಂಪಗಾಗಿ ಅದುರುತ್ತಿದೆ, ಅಲ್ಲಿ ಗೆರೆಯೂ ಅದುರಿತು, ಪೆನ್ಸಿಲ್ ಎತ್ತಿದೆ — ದೊಡ್ಡದಾಯಿತು, ಸೊಟ್ಟಗಾಯಿತು, ಆದರೆ ಹಾಳೆಯ ಮೇಲಿನ ಕಿವಿ ನಗು ತಡೆದುಕೊಂಡಿದೆ, ಹೌದು, ನಗು ತಡೆದುಕೊಂಡಿದೆ, ಕಿವಿ —