ವಿನಯಾ ಹೇಳಿದ ಹೊತ್ತು

ಆಶಾ ಕಾರ್ಯಕರ್ತೆ ವಿನಯಾ ಸಿದ್ದಾಪುರದ ಸುತ್ತ ಮನೆಮನೆ ಹತ್ತಿಳಿದು ಹೇಳಿದ್ದೇ ಹೇಳಿದ್ದು. ಬಾಯಿ ಸೊಟ್ಟಗಾದರೆ, ಕೈ ಸೋತರೆ, ಮಾತು ತೊದಲಿದರೆ ಒಂದು ನಿಮಿಷ ಕೂರಬೇಡಿ, ಆಸ್ಪತ್ರೆಗೆ ಓಡಿ. ಊರವರು ಕೇಳಿದರು. ಹಿತ್ತಲ ಗಿಡ ಮದ್ದಲ್ಲ ಎನ್ನುವ ಗಾದೆಯನ್ನು ನಿಜ ಮಾಡಲು ಅವಳ ತವರೊಂದೇ ಸಾಕಾಯಿತು.

ಅಣ್ಣ ರಾಜೀವನ ಹೊಸಮನೆ ಒಕ್ಕಲು, ಗೃಹಪ್ರವೇಶ. ಮುಂಬೈಯಲ್ಲಿ ಎರಡು ಹೋಟೆಲು ಇಟ್ಟವನ ಒಕ್ಕಲೆಂದರೆ ಕೇಳಬೇಕೆ, ಐನೂರು ಜನಕ್ಕೆ ಊಟ. ಬೆಳಿಗ್ಗೆ ಎಂಟಕ್ಕೆ, ಗಣಹೋಮದ ಹೊಗೆ ಇನ್ನೂ ಆರಿರಲಿಲ್ಲ, ಹೂ ಕಟ್ಟುತ್ತಿದ್ದ ಅಮ್ಮ ಸರೋಜಳ ಬಲಗೈಯಿಂದ ದಾರ ಜಾರಿತು. ಹೆಕ್ಕಿಕೊಟ್ಟರೆ ಮತ್ತೆ ಜಾರಿತು. ವಿನಯಾ ನಗಲು ಹೇಳಿದಳು. ಬಾಯಿಯ ಬಲ ಅಂಚು ಏಳಲಿಲ್ಲ. ಎರಡೂ ಕೈ ಎತ್ತಿಸಿದಳು. ಬಲಗೈ ತೊಡೆಗೆ ಬಿತ್ತು.

"ಅಮ್ಮ, ನನ್ ಹೆಸ್ರ್ ಹೇಳ್ ಕಾಂಬ."

ಅಮ್ಮ ಬಾಯಿ ತೆರೆದಳು. ಹೆಸರು ಬರಲಿಲ್ಲ.

"ಉಪಾಸ ಅಲ್ದಾ, ಪಿತ್ತ ಏರಿದ್ದ್" ಎನ್ನುತ್ತ ಪಕ್ಕದ ಮನೆಯ ಜಲಜಕ್ಕ ಎಳನೀರು ತಂದಳು. ಕುಡಿಸಿದರೆ ಶ್ವಾಸಕ್ಕೆ ಹೋಗುತ್ತದೆಂದು ವಿನಯಾ ಲೋಟ ಸರಿಸಿ ಅಣ್ಣನ ಬಳಿ ಓಡಿದಳು.

"ಅಣ್ಣಯ್ಯ, ಅಮ್ಮಂಗೆ ಸ್ಟ್ರೋಕ್ ಆಯಿತ್ತ್. ಆಂಬುಲೆನ್ಸಿಗೆ ಫೋನ್ ಮಾಡ್ತೆ."

"ಒಕ್ಕಲಿನ್ ದಿನ ಮನಿಂದ ಜನ ಹೊತ್ಕಂಡ್ ಹೋಪುದಾ?" ಪಟ್ಟೆಮಡಿಯ ರಾಜೀವ ದನಿ ತಗ್ಗಿಸಿದ. "ಪೂಜಿ ಮುಗಿಲಿ, ಊಟ ಆಯ್ಲಿ. ನಾನೇ ಕಾರಂಗೆ ಕರ್ಕಂಡ್ ಹೋತೆ. ಅಲ್ಲಿವರಿಗೆ ಒಳ್ಗೆ ಮನ್ಗ್ಸ್. ಮರ್ಯಾದಿ ತೆಗಿಬೇಡ."

ಎರಡು ಸಲ ವಾದಿಸಿದಳು, ಮೂರನೆಯ ಸಲ ಸುಮ್ಮನಾದಳು. ಫೋನು ಕೈಯಲ್ಲೇ ಇತ್ತು. ನೂರ ಎಂಟು ಒತ್ತಲು ಯಾರ ಅಪ್ಪಣೆಯೂ ಬೇಕಿರಲಿಲ್ಲ. ಕಂಡವರ ಅಂಗಳದಲ್ಲಿ ನಿಂತು ಗಂಟಲು ಹರಿಯುವಂತೆ ಹೇಳುವ ಹೆಣ್ಣು, ಅಣ್ಣನ ಒಂದು ಮಾತಿಗೆ ಕೋಣೆಯ ಬಾಗಿಲು ಹಾಕಿಕೊಂಡು ಅಮ್ಮನ ಜೊಲ್ಲು ಒರೆಸುತ್ತ ಕೂತಳು. ಹೊರಗೆ ಹೋಳಿಗೆ ಬಡಿಸುವವರ ಕೂಗು ಕೇಳಿಸುತ್ತಿತ್ತು.

ಕುಂದಾಪುರದ ಆಸ್ಪತ್ರೆ ಮುಟ್ಟಿ ತಲೆಯ ಸ್ಕ್ಯಾನ್ ಮುಗಿಯುವಾಗ ಎರಡು ಗಂಟೆ.

"ರಕ್ತ ಸೋರಿಲ್ಲ, ರಕ್ತನಾಳ ಕಟ್ಟಿದೆ" ಎಂದರು ಡಾಕ್ಟರು. "ಹೆಪ್ಪುಗಟ್ಟಿದ ರಕ್ತ ಕರಗಿಸುವ ಇಂಜೆಕ್ಷನ್ ಇದೆ. ಶುರುವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ಆಮೇಲೆ ಕೊಟ್ಟರೆ ಮೆದುಳಿನಲ್ಲೇ ರಕ್ತ ಸೋರಿ ಜೀವಕ್ಕೆ ಅಪಾಯ. ಕೊನೆಯದಾಗಿ ಇವರು ಸರಿ ಇದ್ದದ್ದು ಎಷ್ಟು ಹೊತ್ತಿಗೆ?"

"ಹನ್ನೆರಡ್ ಗಂಟಿಗೆ" ಎಂದ ರಾಜೀವ, ರೆಪ್ಪೆ ಅಲುಗಿಸದೆ. "ಊಟಕ್ಕೆ ಕೂಕಂಬತಿಗೂ ಸಮಾ ಇದ್ರ್."

ಡಾಕ್ಟರು ಇಂಜೆಕ್ಷನ್ ತರಿಸಲು ನರ್ಸಿನ ಕಡೆ ತಿರುಗಿದರು. ಎಂಟರಿಂದ ಎರಡಕ್ಕೆ ಆರು ಗಂಟೆ, ವಿನಯಾ ಎಣಿಸಿದಳು. ಬಾಯಿ ಮುಚ್ಚಿಕೊಂಡರೆ ಇಂಜೆಕ್ಷನ್ ಸಿಗುತ್ತದೆ, ಅದರಿಂದಲೇ ಅಮ್ಮ ಸಾಯಬಹುದು. ಬಾಯಿ ಬಿಟ್ಟರೆ ಅಮ್ಮ ಉಳಿದರೂ ಕೈ ಬರುವ, ಮಾತು ಬರುವ ಆಸೆ ಇಲ್ಲಿಗೇ ಮುಗಿಯುತ್ತದೆ. ಬೆಳಿಗ್ಗೆ ಆಡಬೇಕಾದ ಮಾತು ಈಗ ಬಂತು.

"ಎಂಟ್ ಗಂಟಿಗೆ ಡಾಕ್ಟ್ರೇ, ಬೆಳಿಗ್ಗೆ. ಕಂಡದ್ದ್ ನಾನೇ."

ಡಾಕ್ಟರು ಅವಳನ್ನೂ ಅವಳ ಚೀಲಕ್ಕೆ ಸಿಕ್ಕಿಸಿದ್ದ ನೀಲಿ ಆಶಾ ಗುರುತಿನ ಚೀಟಿಯನ್ನೂ ನೋಡಿದರು. ಏನೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಇಂಜೆಕ್ಷನ್ ಬೇಡವೆಂದು ನರ್ಸಿಗೆ ಹೇಳಿ ಬೇರೆ ಮಾತ್ರೆ ಬರೆದರು.

ಅಮ್ಮ ಉಳಿದಳು. ಬಲಭಾಗ ಮರದ ಕೊರಡಾಯಿತು, ಮಾತು ಹೋಯಿತು. ಕಿವಿ ಮಾತ್ರ ನೆಟ್ಟಗಿತ್ತು. ಐದನೆಯ ದಿನ ಕುಂಭಾಶಿಯಿಂದ ನೋಡಲು ಬಂದ ನೆಂಟರಿಗೆ ರಾಜೀವ ಮಂಚದ ಪಕ್ಕದಲ್ಲೇ ಕೂತು ಹೇಳುತ್ತಿದ್ದ.

"ಡಾಕ್ಟ್ರ್ ಇಂಜೆಕ್ಷನ್ ಕೊಡೂಕೆ ತಯಾರಿದ್ರ್. ತಪ್ಸಿದ್ ಇದೇ, ನಮ್ ವಿನಯಾ."

ಒಂದಕ್ಷರವೂ ಸುಳ್ಳಲ್ಲ. ವಿನಯಾ ಗಂಜಿಯ ಚಮಚವನ್ನು ಅಮ್ಮನ ಬಾಯಿಗೆ ಹಿಡಿದಳು. ಅಮ್ಮ ಅವಳನ್ನೇ ದಿಟ್ಟಿಸಿದಳು, ಆಮೇಲೆ ಎಡಗೈಯಿಂದ ಚಮಚ ತಳ್ಳಿದಳು.

ರಾಜೀವ ಬಟ್ಟಲು ಇಸಿದುಕೊಂಡ. ಅವನು ಕೊಟ್ಟದ್ದಕ್ಕೆ ಅಮ್ಮ ಬಾಯಿ ತೆರೆದಳು.