ಆನೆಯ ಕೆಳಗೆ ಹತ್ತು ಸಾಲು

ಹೊಸಪೇಟೆಯ ಆ ವಾರಪತ್ರಿಕೆಗೆ ಇದ್ದದ್ದು ಒಂದೇ ಹಾಳೆ, ಎರಡು ಮಗ್ಗುಲು. ಹಳ್ಳಿಗಳಲ್ಲಿ ಅದನ್ನು ಗಂಜಿ ಬಳಿದು ಚಾವಡಿ ಗೋಡೆಗೆ ಅಂಟಿಸುತ್ತಿದ್ದರು. ಮೊದಲ ಪುಟ ಊರಿಗೆ, ಎರಡನೆಯದು ಗೋಡೆಗೆ. ಹದಿನೆಂಟು ವರ್ಷದಿಂದ ಅಲ್ಲಿ ಅಚ್ಚಿನ ಮೊಳೆ ಜೋಡಿಸುತ್ತಿದ್ದ ಉಜ್ಜಿನಪ್ಪನಿಗೆ ಇದು ಗೊತ್ತಿತ್ತು. ಅದಕ್ಕೇ ಆ ಬುಧವಾರ ಎರಡನೆ ಪುಟಕ್ಕೆಂದು ಬಂದ ನೋಟೀಸು ಓದಿ ಕೈ ನಿಲ್ಲಿಸಿದ.

ಅಣೆಕಟ್ಟಿನ ನೀರಲ್ಲಿ ಮುಳುಗುವ ಗುಂಡ್ಲಹಟ್ಟಿಯವರು ಸೋಮವಾರ ಹತ್ತು ಗಂಟೆಗೆ ತಾಲೂಕು ಕಚೇರಿಗೆ ಬಂದು ತಮ್ಮ ಹೊಲಮನೆಯ ವಿವರ ಹೇಳಬೇಕು. ಬಾರದವರ ಜಮೀನನ್ನು ಖುಷ್ಕಿಯೆಂದೇ ಬರೆದುಕೊಳ್ಳಲಾಗುವುದು. ಉಜ್ಜಿನಪ್ಪ ತನ್ನ ಮಗಳು ಗಾಳೆಮ್ಮನನ್ನು ಕೊಟ್ಟದ್ದು ಆ ಊರಿಗೇ. ಬೀಗ ಜಡೆಪ್ಪನದು ಎರಡು ಬಾವಿಯ ಬಾಳೆತೋಟ; ನೀರಿಲ್ಲದ ಖುಷ್ಕಿ ಹೊಲವೆಂದು ಬರೆದರೆ ಪರಿಹಾರ ಕಮ್ಮಿಯಾಗುತ್ತದೆ. ತಿಂಗಳ ಹಿಂದೆ ಉಜ್ಜಿನಪ್ಪ ಹೋಗಿ ಮುಳುಗಡೆಯ ಸುದ್ದಿ ಹೇಳಿದಾಗ, "ಪೇಪರಿನ್ಯಾಗ ಬರ್ಲಿ, ಆಗ ನೋಡೂಣು" ಅಂದು ಬೀಡಿ ಹಚ್ಚಿದ್ದ.

"ಅಯ್ಯನೋರ, ಇದು ಮುಂದಿನ ಪುಟಕ್ಕ ಬರಬೇಕ್ರಿ."

ಮಾಲೀಕ ಹಂಪಯ್ಯ ಕನ್ನಡಕದ ಮೇಲಿಂದ ನೋಡಿದರು. "ಎಲ್ಲಿ ಹಾಕ್ತಿ? ಮ್ಯಾಲ ಪತ್ರಿಕೆ ಹೆಸರು, ಎಡಕ್ಕ ಯುದ್ಧ, ಬಲಕ್ಕ ಆನಿ. ಆನಿ ಮುಟ್ಟಿದ್ರ ಮದರಾಸಿನಿಂದ ಅಚ್ಚಿನ ಕಾಗದ ಯಾರು ತರಿಸಿಕೊಡ್ತಾರ, ನಿನ್ನ ಬೀಗನಾ?"

ಆನೆಯೆಂದರೆ ಕೊಟ್ರಬಸಪ್ಪನವರ ಅಕ್ಕಿ ಮಿಲ್ಲಿನ ಗುರುತು. ಅಂಗೈಯಗಲದ ಬ್ಲಾಕು, ಕೆಳಗೆ ಅಕ್ಕಿಯ ಗುಣಗಾನ, ಸುತ್ತ ಬಳ್ಳಿಯ ಚೌಕಟ್ಟು. ಉಜ್ಜಿನಪ್ಪ ಊಟದ ಹೊತ್ತಿನಲ್ಲಿ ಮಿಲ್ಲಿಗೇ ನಡೆದ.

"ಆನಿ ಇರ್ಲಿ," ಅಂದರು ಕೊಟ್ರಬಸಪ್ಪ, ಎಲೆಗೆ ಸುಣ್ಣ ಸವರುತ್ತ. "ಕೆಳಗಿನ ಮಾತು ಒಂದು ವಾರ ತೆಗಿ. ರೇಷನ್ ಬಂದಾಗಿಂದ ಮಾರಾಕ ಅಕ್ಕಿನ ಇಲ್ಲ, ಹೊಗಳಿ ಏನು ಮಾಡೂದು?"

ಚೌಕಟ್ಟಿನೊಳಗೆ ಹತ್ತು ಸಾಲಿನ ಜಾಗ ಸಿಕ್ಕಿತು. ಜಡೆಪ್ಪನ ಕಣ್ಣು ಮಂಜು, ಆ ಊರಲ್ಲಿ ಓದುವವನೂ ಅವನೊಬ್ಬನೇ. ಹಾಗಾಗಿ ಉಜ್ಜಿನಪ್ಪ ಗುಂಡ್ಲಹಟ್ಟಿ, ಹೊಲಮನೆ, ಸೋಮವಾರ ಹತ್ತು ಗಂಟೆ ಇಷ್ಟನ್ನು ಮರದ ದಪ್ಪ ಅಕ್ಷರದಲ್ಲಿ ಕೂಡಿಸಿದ. ಉಳಿದದ್ದು ಸಣ್ಣ ಅಕ್ಷರದಲ್ಲಿ ತಳಕ್ಕೆ ಸೇರಿತು. ಪ್ರೂಫು ತೆಗೆದು ತೋಳಳತೆಯಲ್ಲಿ ಹಿಡಿದು ನೋಡಿದ. ಚೆಂದ ಕಂಡಿತು.

ಸೋಮವಾರ ಒಂಬತ್ತಕ್ಕೆ ಮಿಲ್ಲಿನ ಆಳೊಬ್ಬ ಪ್ರೆಸ್ಸಿಗೆ ಬಂದ. "ಸಾವುಕಾರ್ರು ಕರೀತಾರ. ಜಲ್ದಿ ಬರಬೇಕಂತ."

ಮಿಲ್ಲಿನ ಗೇಟಿನ ಮುಂದೆ ಹನ್ನೊಂದು ಬಂಡಿ ನಿಂತಿದ್ದವು. ಜಡೆಪ್ಪ ಎಲ್ಲರ ಮುಂದೆ ಕೋಲೂರಿ ನಿಂತಿದ್ದ.

"ಬಂದ ನೋಡು ನಿನ್ನ ಬೀಗ," ಅಂದರು ಕೊಟ್ರಬಸಪ್ಪ. "ನಮ್ಮೂರು ನಿಮಗ್ಯಾಕ ಬೇಕ್ರಿ ಅಂತ ನನ್ನ ಕೇಳ್ತಾನ. ಏನು ಹೇಳ್ಲಿ?"

"ಆನಿ ಮಿಲ್ಲಿಂದು, ಹೆಸರು ನಮ್ಮೂರಿಂದು, ಕರದಾವ್ರು ಮಿಲ್ಲಿನವ್ರ ಅಂತ ಬಂದ್ವಿ," ಜಡೆಪ್ಪ ಗದರಿದ. "ಸಣ್ಣ ಅಕ್ಷರ ನನಗ ಕಾಣ್ತಾವೇನು?"

ಕಚೇರಿಯ ಹೆಸರು ತಳದಲ್ಲಿ ಕಡಲೆಕಾಳಿನಷ್ಟು ಸಣ್ಣಗೆ ಕುಳಿತಿತ್ತು, ಕೂರಿಸಿದವನು ಉಜ್ಜಿನಪ್ಪನೇ. ವಾದಕ್ಕೆ ಹೊತ್ತಿರಲಿಲ್ಲ. ಮುಂದಿನ ಬಂಡಿಯ ಮೂಕಿ ಹಿಡಿದು ರೈಲ್ವೆ ಗೇಟಿನಾಚೆಯ ಕಚೇರಿಯ ಕಡೆ ತಿರುಗಿಸಿದ. ಗೂಡ್ಸ್ ಗಾಡಿ ಹಾಯುವವರೆಗೂ ಗೇಟು ತೆರೆಯಲಿಲ್ಲ. ಅಲ್ಲಿಂದ ಅವನೇ ಮೊದಲು ಓಡಿದ. ಗುಮಾಸ್ತ ಗುಂಡ್ಲಹಟ್ಟಿಯ ಹೆಸರು ಎರಡು ಸಲ ಕೂಗಿ ಪುಟ ಮಗುಚಲು ಬೆರಳು ಒದ್ದೆ ಮಾಡಿಕೊಂಡಿದ್ದ.

"ಬಂದಾರ್ರಿ," ಅಂದ ಉಜ್ಜಿನಪ್ಪ, ಏದುಸಿರಲ್ಲಿ. "ಹಿಂದ ಬಂಡ್ಯಾಗ ಅದಾರ."

ಜಡೆಪ್ಪನ ತೋಟ ತೋಟವೆಂದೇ ದಾಖಲಾಯಿತು, ಬಾವಿ ಎರಡು. ಮುಳುಗುವುದಂತೂ ಮುಳುಗುತ್ತದೆ.

ಹೊರಗೆ ಬಂಡಿಯ ನೆರಳಿನಲ್ಲಿ ಗಾಳೆಮ್ಮ ಅಪ್ಪನಿಗೆ ರೊಟ್ಟಿ ಬಿಚ್ಚಿಕೊಟ್ಟಳು. "ಕಚೇರಿ ಹೆಸರು ದಪ್ಪಗ ಇದ್ದಿದ್ರ ಇವರ್ಯಾರೂ ಬರ್ತಿದ್ದಿಲ್ಲಪ್ಪ. ಸರಕಾರ ಕರದ್ರ ನಮ್ಮ ಮಾವ ಏಳೂ ಮನಶಾ ಅಲ್ಲ. ಆನಿ ನೋಡಿ ಎದ್ರು. ಅರ್ಧ ಮಂದಿ ಅಕ್ಕಿ ಕೊಡ್ತಾರಂತ ಬಂದಾರ." ಬಂಡಿಗಳಲ್ಲಿ ಮಡಿಸಿಟ್ಟ ಖಾಲಿ ಚೀಲಗಳನ್ನು ಉಜ್ಜಿನಪ್ಪ ಆಗ ನೋಡಿದ.

ಬುಧವಾರ ಇನ್ನೊಂದು ಊರಿನ ನೋಟೀಸು ಬಂತು. ಉಜ್ಜಿನಪ್ಪ ಬ್ಲಾಕಿನ ಮಸಿ ಒರೆಸಿ ಆನೆಯನ್ನು ಅದೇ ಜಾಗದಲ್ಲಿ ಕೂಡಿಸಿದ. ಕಚೇರಿಯ ಹೆಸರು ಈ ಸಲವೂ ತಳಕ್ಕೇ ಹೋಯಿತು.

"ಸಾವುಕಾರ್ರನ್ನ ಕೇಳಿದಿ?" ಅಂದರು ಹಂಪಯ್ಯ.

"ಕೇಳೀನ್ರಿ. ಸೋಮವಾರ ಮುಂಜಾನಿ ಕಚೇರಿ ದಾರಿ ತೋರಿಸಾಕ ಮಿಲ್ಲಿನ ಗೇಟಿನ್ಯಾಗ ಒಬ್ಬ ಆಳು ನಿಲ್ಲಸ್ತಾರಂತ."